ಹಳೆ ಜೀಪಿಗೆ ಯಾವ ಎಂಜಿನ್? ಪೆಟ್ರೋಲ್ ಉಳಿಸೋದಾ, ಡೀಸೆಲ್ ಕೂರಿಸೋದಾ?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಸೋಮವಾರಪೇಟೆಯಿಂದ ಭಾವ ಫೋನ್ ಮಾಡಿದರು. ಅವರ ತಂದೆಯ ಕಾಲದ ಸಿಜೆ-3ಬಿ ಜೀಪು ಎಂಟು ವರ್ಷದಿಂದ ಶೆಡ್ಡಿನಲ್ಲಿ ಕೋಳಿಗೂಡಾಗಿತ್ತು. ಅದನ್ನು ಹೊರಗೆಳೆದು ತೊಳೆದಿದ್ದಾರೆ. ಚಾಸಿ ಗಟ್ಟಿ ಇದೆ, ಎಂಜಿನ್ ಮಾತ್ರ ಜಾಮ್. "ಪೆಟ್ರೋಲ್ ಎಂಜಿನ್ನೇ ಬಿಚ್ಚಿ ಮಾಡಿಸಲಾ, ಇಲ್ಲಾ ಬೊಲೆರೊದ ಡೀಸೆಲ್ ಎಂಜಿನ್ ಒಂದು ಸಿಕ್ಕಿದೆ, ಅದನ್ನೇ ಕೂರಿಸಲಾ? ಬೇಗ ಹೇಳು ಮಾರಾಯ, ಮಾರುವವನು ಎರಡು ದಿನ ಮಾತ್ರ ಇಟ್ಟುಕೊಳ್ತಾನಂತೆ" ಅಂದರು.

ಎರಡು ದಿನದಲ್ಲಿ ತೀರ್ಮಾನ ಮಾಡಿದವರನ್ನು ನಾನು ನೋಡಿದ್ದೇನೆ. ಅವರಲ್ಲಿ ಅರ್ಧ ಜನರ ಜೀಪು ಈಗಲೂ ಯಾವುದೋ ಗ್ಯಾರೇಜಿನ ಹಿಂದೆ ಬಾನೆಟ್ ಇಲ್ಲದೆ ನಿಂತಿದೆ. ಹಾಗಾಗಿ ಫೋನಿನಲ್ಲಿ ಭಾವನಿಗೆ ಹೇಳಿದ್ದನ್ನೇ ಸ್ವಲ್ಪ ನಿಧಾನವಾಗಿ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹತ್ತಿರ ಇರುವುದು ಅಜ್ಜನ ಕಾಲದ ಪೆಟ್ರೋಲ್ ಸಿಜೆ-3ಬಿ. ಚಿಕ್ಕಪ್ಪನ ಮಗ ತನ್ನ ಜೀಪಿಗೆ ಡಿಐ (ಡೈರೆಕ್ಟ್ ಇಂಜೆಕ್ಷನ್, ಇಂಧನವನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ) ಡೀಸೆಲ್ ಕೂರಿಸಿಕೊಂಡಿದ್ದಾನೆ. ಕಾಫಿ ಕೊಯ್ಲಿನ ಸಮಯದಲ್ಲಿ ಎರಡನ್ನೂ ಓಡಿಸುವುದು ನಾನೇ. ಪೆಟ್ರೋಲ್ ಕಡೆಗೆ ನನಗೆ ಸ್ವಲ್ಪ ಒಲವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲು ಎಂಜಿನ್‌ಗಳ ಪರಿಚಯ ಮಾಡಿಕೊಳ್ಳೋಣ. ಸಿಜೆ-3ಬಿ ಜೊತೆಗೆ ಬಂದದ್ದು ಹರಿಕೇನ್ ಅನ್ನುವ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, 2199 ಸಿಸಿ. ಯುದ್ಧದ ಕಾಲದ ವಿಲ್ಲಿಸ್ ಜೀಪಿನ ಎಂಜಿನ್ನಿಗೆ 60 ಎಚ್‌ಪಿ ಇತ್ತು. ಅದೇ ಬ್ಲಾಕನ್ನು ಇಟ್ಟುಕೊಂಡು, ಇನ್‌ಟೇಕ್ ವಾಲ್ವ್‌ಗಳನ್ನು ಮೇಲೆ ಹೆಡ್ಡಿಗೆ ತಂದು, ಎಕ್ಸಾಸ್ಟ್ ವಾಲ್ವ್‌ಗಳನ್ನು ಕೆಳಗೆ ಬ್ಲಾಕಿನಲ್ಲೇ ಬಿಟ್ಟು 72 ಎಚ್‌ಪಿ ಮಾಡಿದರು. ಎಂಜಿನ್ ಎತ್ತರವಾಯಿತು, ಅದಕ್ಕೇ ಬಾನೆಟ್ಟೂ ಎತ್ತರವಾಯಿತು. ನಮ್ಮ ಕಡೆ ನೋಡುವ ಎತ್ತರ ಬಾನೆಟ್ಟಿನ ಜೀಪಿನ ಮುಖ ಬಂದದ್ದೇ ಹೀಗೆ. ಅಮೆರಿಕದಲ್ಲಿ 1968ಕ್ಕೆ ಇದರ ತಯಾರಿ ನಿಂತುಹೋಯಿತು. ಇಲ್ಲಿ ಮಹೀಂದ್ರದವರು ಅದೇ ಮುಖ ಇಟ್ಟುಕೊಂಡು ಎಷ್ಟೋ ವರ್ಷ ಜೀಪು ಮಾಡಿದರು.

ಎರಡನೆಯದು ಎಂಎಂ 540 ಜೀಪಿನ ಪ್ಯೂಜೋ ಡೀಸೆಲ್, 2112 ಸಿಸಿ, ಶಕ್ತಿ 60 ಎಚ್‌ಪಿ ಚಿಲ್ಲರೆ. ಮೂರನೆಯದು 2523 ಸಿಸಿಯ ಡಿಐ. ಬೊಲೆರೊದಲ್ಲೂ, 2010ರಲ್ಲಿ ಬಂದ ಥಾರ್ ಡಿಐನಲ್ಲೂ ಇದ್ದದ್ದು ಇದೇ ಜಾತಿಯ ಟರ್ಬೊ ಎಂಜಿನ್, ಅಂದರೆ ಗಾಳಿಯನ್ನು ಒತ್ತಿ ಒಳಗೆ ತುಂಬುವಂಥದ್ದು. ಥಾರ್‌ನಲ್ಲಿ ಇದಕ್ಕೆ 63 ಎಚ್‌ಪಿ, 182.5 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಎಳೆತ. ಆ ಟಾರ್ಕ್ ಸಿಗುವುದು 1500ರಿಂದ 1800 ಆರ್‌ಪಿಎಂ ಒಳಗೇ. ಟಯೋಟಾ, ಇಸುಜು, ಜಿಪ್ಸಿ ಎಂಜಿನ್ ಕೂರಿಸಿದವರೂ ಇದ್ದಾರೆ. ಆದರೆ ನಮ್ಮ ಜಿಲ್ಲೆಯಲ್ಲಿ ಹತ್ತರಲ್ಲಿ ಎಂಟು ಜನ ತಲೆ ಕೆಡಿಸಿಕೊಳ್ಳುವುದು ಈ ಮೂರರ ಮಧ್ಯೆಯೇ.

ಈ ತಲೆನೋವು ನಮ್ಮದು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಮನೆಯಲ್ಲೇ ಕೋಬ್ರಾ ಕಿಟ್ ಕಾರು ಜೋಡಿಸುವವರು ಸಣ್ಣ ವಿ8 (ಎಂಟು ಸಿಲಿಂಡರಿನ ಎಂಜಿನ್) ಹಾಕೋದಾ ದೊಡ್ಡದು ಹಾಕೋದಾ ಅಂತ ಇವತ್ತಿಗೂ ಜಗಳ ಆಡುತ್ತಾರೆ. ಮೂಲ ಕೋಬ್ರಾವನ್ನು 1962ರಲ್ಲಿ ಕ್ಯಾರಲ್ ಶೆಲ್ಬಿ ಹಗುರವಾದ ಇಂಗ್ಲಿಷ್ ಕಾರೊಂದಕ್ಕೆ ಫೋರ್ಡ್ ವಿ8 ಕೂರಿಸಿ ಮಾಡಿದ್ದು. 4.7 ಲೀಟರಿನ ಎಂಜಿನ್ ಇರುವ ತನಕ ಹಳೆಯ ಚಾಸಿಯಲ್ಲೇ ಹೇಗೋ ನಡೆಯಿತು. 1965ರಲ್ಲಿ 7 ಲೀಟರಿನದನ್ನು ಕೂರಿಸಲು ಹೊರಟಾಗ ಚಾಸಿಯ ಪೈಪುಗಳನ್ನು 3 ಇಂಚಿನಿಂದ 4 ಇಂಚಿಗೆ ದಪ್ಪ ಮಾಡಬೇಕಾಯಿತು. ಪಟ್ಟಿ ಸ್ಪ್ರಿಂಗ್ ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಬೇಕಾಯಿತು. ಅಂದರೆ ಎಂಜಿನ್ ಬದಲಾಯಿಸಲು ಹೋಗಿ ಗಾಡಿಯನ್ನೇ ಹೊಸದಾಗಿ ಮಾಡಿದರು. ನಮ್ಮ ಜೀಪಿನ ಕತೆಯೂ ಇಷ್ಟೇ. ಎಂಜಿನ್ನಿನ ರೇಟು ಕೇಳುವ ಮೊದಲು ಅದರ ಹಿಂದೆ ಏನೇನು ಬರುತ್ತದೆ ಅಂತ ಕೇಳಬೇಕು.

ಏರು ಹತ್ತುವುದರಲ್ಲಿ ಯಾರು ಮುಂದೆ

"ಡೀಸೆಲ್ ಅಂದ್ರೆ ಎಳೆತ" ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಹರಿಕೇನ್ ಪೆಟ್ರೋಲಿನ ಟಾರ್ಕ್ 2000 ಆರ್‌ಪಿಎಂನಲ್ಲಿ ಸುಮಾರು 155 ನ್ಯೂಟನ್ ಮೀಟರ್. ಪ್ಯೂಜೋ ಡೀಸೆಲಿನದು 120ರ ಆಸುಪಾಸು. ಅಂದರೆ ಪೆಟ್ರೋಲ್ ತೆಗೆದು ಪ್ಯೂಜೋ ಹಾಕಿದರೆ ಎಳೆತ ಕಡಿಮೆಯೇ ಆಗುತ್ತದೆ, ಜಾಸ್ತಿ ಆಗಲ್ಲ. ಇದನ್ನು ಹೇಳಿದಾಗ ಗ್ಯಾರೇಜಿನಲ್ಲಿ ಜನ ನನ್ನನ್ನು ಹುಚ್ಚನ ಹಾಗೆ ನೋಡುತ್ತಾರೆ. ಟರ್ಬೊ ಇರುವ ಡಿಐ ಮಾತ್ರ ನಿಜವಾಗಿ ಮುಂದಿದೆ.

ಹರಿಕೇನಿನ ಗುಟ್ಟು ಅದರ ಉದ್ದ ಸ್ಟ್ರೋಕಿನಲ್ಲಿದೆ. ಬೋರ್ (ಸಿಲಿಂಡರಿನ ಅಗಲ) 79 ಮಿಲಿಮೀಟರ್ ಚಿಲ್ಲರೆ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 111. ಈಗಿನ ಪೆಟ್ರೋಲ್ ಕಾರುಗಳ ಹಾಗೆ ಕಿರುಚಿಸಿ ಓಡಿಸುವ ಎಂಜಿನ್ ಅಲ್ಲ ಅದು, ಕೆಳಗಿನ ಆರ್‌ಪಿಎಂನಲ್ಲೇ ಗುಡುಗುಡು ಅಂತ ಎಳೆಯುತ್ತದೆ. ಇದಕ್ಕೆ ಗೇರಿನ ಲೆಕ್ಕ ಸೇರಿಸಿ. ಹಳೆ ಮೂರು ಗೇರಿನ ಬಾಕ್ಸಿನಲ್ಲಿ ಫಸ್ಟ್ ಗೇರ್ 2.8, ಟ್ರಾನ್ಸ್‌ಫರ್ ಕೇಸಿನ (ನಾಲ್ಕೂ ಚಕ್ರಕ್ಕೆ ಎಳೆತ ಹಂಚುವ ಪೆಟ್ಟಿಗೆ) ಲೋ 2.46, ಆಕ್ಸಲ್ 5.38. ಮೂರನ್ನೂ ಗುಣಿಸಿದರೆ 37. ಎಂಜಿನ್ 37 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. 1000 ಆರ್‌ಪಿಎಂನಲ್ಲಿ ಜೀಪು ಗಂಟೆಗೆ ಮೂರೂವರೆ ಕಿಲೋಮೀಟರ್ ಹೋಗುತ್ತದೆ, ಅಂದರೆ ನಾವು ನಡೆಯುವುದಕ್ಕಿಂತಲೂ ನಿಧಾನ. ನಮ್ಮ ತೋಟದ ಕೆಳಗಿನ ಕಣದಿಂದ ಮನೆಗೆ ಬರುವ ಏರಿನಲ್ಲಿ, ಹಿಂದೆ ಕಾಫಿ ಚೆರ್ರಿ ಮೂಟೆ ಎಂಟು ಇಟ್ಟುಕೊಂಡು, ಆಕ್ಸಿಲೇಟರಿನ ಮೇಲಿಂದ ಕಾಲು ತೆಗೆದರೂ ಈ ಜೀಪು ನಿಲ್ಲುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಪಕ್ಕದಲ್ಲಿ ನಡೆದುಕೊಂಡೇ ಬಂದು ಲೆಕ್ಕ ಒಪ್ಪಿಸುತ್ತಾರೆ.

ಡಿಐ ಜೀಪಿನಲ್ಲಿ ಅದೇ ಏರನ್ನು ಸೆಕೆಂಡ್ ಗೇರಿನಲ್ಲಿ ಹತ್ತಬಹುದು. ಮೂಟೆ ಎಂಟರ ಬದಲು ಹದಿನೈದು ಇದ್ದು, ಜೊತೆಗೆ ಟ್ರೈಲರಿನಲ್ಲಿ ಸ್ಪ್ರಿಂಕ್ಲರ್ ಪೈಪೂ ಇದ್ದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಹೂವಿಗೆ ನೀರು ಕೊಡುವಾಗ ಪಂಪ್‌ಸೆಟ್ಟನ್ನು ಕೆರೆಯಿಂದ ಕೆರೆಗೆ ಎಳೆಯುವ ಕೆಲಸ ಇದೆಯಲ್ಲ, ಅದಕ್ಕೆ ನಾನು ಸುಮ್ನೆ ಚಿಕ್ಕಪ್ಪನ ಮಗನ ಜೀಪನ್ನೇ ಕೇಳುತ್ತೇನೆ.

ಎತ್ತರದ ವಿಷಯವೂ ಒಂದಿದೆ. ಮಡಿಕೇರಿ ಸುಮಾರು 1170 ಮೀಟರ್ ಎತ್ತರದಲ್ಲಿದೆ. ನೂರು ಮೀಟರ್ ಮೇಲೆ ಹೋದ ಹಾಗೆ ಗಾಳಿ ತೆಳುವಾಗಿ ಎಂಜಿನ್ನಿನ ಶಕ್ತಿ ನೂರಕ್ಕೆ ಒಂದರಷ್ಟು ಇಳಿಯುತ್ತದೆ ಅನ್ನುವುದು ಹಳೆಯ ಲೆಕ್ಕ. ಹಾಗಾಗಿ 72 ಎಚ್‌ಪಿ ಅನ್ನುವುದು ಮಡಿಕೇರಿಯಲ್ಲಿ 64ಕ್ಕೆ ಬಂದು ನಿಲ್ಲುತ್ತದೆ. ಮೇಲಾಗಿ ಕಾರ್ಬುರೇಟರಿಗೆ ಎತ್ತರ ಗೊತ್ತಾಗಲ್ಲ. ಅದು ಕೆಳಗೆ ಕೊಟ್ಟಷ್ಟೇ ಪೆಟ್ರೋಲನ್ನು ಮೇಲೂ ಕೊಡುತ್ತದೆ, ಪ್ಲಗ್ ಕಪ್ಪಾಗುತ್ತದೆ. ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿಕೊಂಡು ಬಂದ ಜೀಪು ಇಲ್ಲಿ ಕೆಮ್ಮುವುದು ಇದಕ್ಕೇ. ಇಲ್ಲೇ ಟ್ಯೂನ್ ಮಾಡಿಸಿ. ಟರ್ಬೊ ಡೀಸೆಲಿಗೆ ಈ ತೊಂದರೆ ಅಷ್ಟಾಗಿ ಇಲ್ಲ.

ಇನ್ನು ವೇಗ. ಡಿಐ ಎಂಜಿನ್ನಿನ ಪೂರ್ತಿ ಶಕ್ತಿ 3200 ಆರ್‌ಪಿಎಂಗೆ ಮುಗಿದುಹೋಗುತ್ತದೆ, ಪೆಟ್ರೋಲ್ 4000 ತನಕ ಹೋಗುತ್ತದೆ. ಹಳೆ ಆರಿಂಚು ಅಗಲದ ಟಯರು ಒಂದು ಸುತ್ತಿಗೆ ಹೆಚ್ಚುಕಮ್ಮಿ 2.2 ಮೀಟರ್ ಉರುಳುತ್ತದೆ. ಆಕ್ಸಲನ್ನು 5.38 ಹಾಗೇ ಬಿಟ್ಟು, ಟಾಪ್ ಗೇರು ನೇರವಾಗಿ ಇರುವ ಬಾಕ್ಸ್ ಇಟ್ಟುಕೊಂಡರೆ ಡಿಐ ಜೀಪು ಗಂಟೆಗೆ 78 ಕಿಲೋಮೀಟರಿಗೆ ಉಸಿರು ಬಿಡುತ್ತದೆ. ಪೆಟ್ರೋಲ್ ಲೆಕ್ಕದಲ್ಲಿ 98 ತನಕ ಹೋಗಬಹುದು. ಹೋಗಬಹುದು ಅಷ್ಟೆ, ಆ ಬ್ರೇಕು, ಆ ಸ್ಟೇರಿಂಗ್ ಇಟ್ಟುಕೊಂಡು ಹೋಗಬಾರದು. ಚಿಕ್ಕಪ್ಪನ ಮಗ ಈ ಲೆಕ್ಕ ಹಾಕದೆ ಎಂಜಿನ್ ಕೂರಿಸಿ, ಕುಶಾಲನಗರ ದಾಟಿ ಮೈಸೂರು ರಸ್ತೆಗೆ ಬಿದ್ದ ದಿನ ಲಾರಿಗಳೆಲ್ಲ ಹಾರ್ನ್ ಹೊಡೆದು ಅವನನ್ನು ಹಿಂದೆ ಹಾಕಿಕೊಂಡು ಹೋದವು. ಆಮೇಲೆ ಐದು ಗೇರಿನ ಬಾಕ್ಸ್ ಹುಡುಕಿದ.

ಮಳೆಯಲ್ಲಿ

ಇಲ್ಲಿ ನನ್ನ ಒಲವು ಕೆಲಸಕ್ಕೆ ಬರುವುದಿಲ್ಲ. ಜುಲೈ ತಿಂಗಳಲ್ಲಿ ಪೆಟ್ರೋಲ್ ಜೀಪು ಇಟ್ಟುಕೊಳ್ಳುವುದು ಮನೆಯಲ್ಲಿ ಶೀತ ಹಿಡಿದ ಮಗು ಇಟ್ಟುಕೊಂಡ ಹಾಗೆ.

ಬೆಳಿಗ್ಗೆ ಎದ್ದು ಸ್ಟಾರ್ಟ್ ಮಾಡಿದರೆ ಎಂಜಿನ್ ತಿರುಗುತ್ತದೆ, ಹಿಡಿಯಲ್ಲ. ಬಾನೆಟ್ ಎತ್ತಿ ಡಿಸ್ಟ್ರಿಬ್ಯೂಟರಿನ (ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚುವ ಡಬ್ಬಿ) ಎರಡು ಕ್ಲಿಪ್ ಬಿಡಿಸಿ ಕ್ಯಾಪ್ ತೆಗೆದು ನೋಡಿದರೆ ಒಳಗೆ ಸೂಜಿಮೊನೆಯಷ್ಟು ನೀರಿನ ಹನಿಗಳು ಸಾಲಾಗಿ ಕೂತಿರುತ್ತವೆ. ಅಷ್ಟು ಸಾಕು, ಸ್ಪಾರ್ಕ್ ಪ್ಲಗ್ಗಿಗೆ ಹೋಗುವ ಬದಲು ಆ ಒದ್ದೆಯ ದಾರಿ ಹಿಡಿದು ಬಾಡಿಗೆ ಇಳಿದುಹೋಗುತ್ತದೆ. ನಮ್ಮಜ್ಜ ಆ ಕ್ಯಾಪನ್ನು ರಾತ್ರಿಯೇ ಬಿಚ್ಚಿ ತಂದು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಒಣಗಿಸಲು ಇಟ್ಟ ಹಂದಿಮಾಂಸದ ಪಕ್ಕದಲ್ಲೇ ಇಡುತ್ತಿದ್ದರು. ಅಜ್ಜಿ ಬಯ್ಯುತ್ತಿದ್ದರು. ಬೆಳಿಗ್ಗೆ ಬೆಚ್ಚಗಿನ ಕ್ಯಾಪ್ ಹಾಕಿದರೆ ಜೀಪು ಮೊದಲನೇ ಸಲಕ್ಕೇ ಸ್ಟಾರ್ಟ್. ನಾನು ಅಷ್ಟು ಮಾಡುವುದಿಲ್ಲ. ಹೊಸ ಕ್ಯಾಪು, ಹೊಸ ಪ್ಲಗ್ ವಯರು ಹಾಕಿ, ವಯರಿನ ಬುಡಕ್ಕೆ ರಬ್ಬರ್ ಬೂಟ್ ಏರಿಸಿ, ಮೇಲಿಂದ ಟಯರ್ ಟ್ಯೂಬ್ ಕತ್ತರಿಸಿ ಒಂದು ಕೊಡೆ ಮಾಡಿದ್ದೇನೆ. ಮುಕ್ಕಾಲು ತೊಂದರೆ ಹೋಯಿತು. ಕಾಲು ಭಾಗ ಉಳಿದಿದೆ, ಅದು ಸರಿಯಾಗಿ ಆಸ್ಪತ್ರೆಗೆ ಹೋಗಬೇಕಾದ ದಿನವೇ ಬರುತ್ತದೆ.

ಡೀಸೆಲಿಗೆ ಸ್ಪಾರ್ಕೇ ಇಲ್ಲ, ಹಾಗಾಗಿ ಈ ಗೋಳೂ ಇಲ್ಲ. ಡಿಸೆಂಬರಿನ ಚಳಿಯಲ್ಲಿ ಪ್ಯೂಜೋದ ಹೀಟರ್ ಪ್ಲಗ್ ಬಿಸಿಯಾಗುವ ತನಕ ಸ್ವಲ್ಪ ಕಾಯಬೇಕು. ಡಿಐಗೆ ಅದೂ ಬೇಡ, ಕೀ ತಿರುಗಿಸಿದರೆ ಆಯಿತು. ತೋಟದಲ್ಲಿ ಆನೆ ಇದೆ ಅಂತ ಗೊತ್ತಾಗಿ ಅಲ್ಲಿಂದ ಹೊರಡಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. ಡೀಸೆಲ್ ಹೆದರಬೇಕಾದದ್ದು ಹೊಳೆಗೆ. ನೀರು ಏರ್ ಕ್ಲೀನರಿನಿಂದ ಒಳಗೆ ಹೋದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡೇ ಬಗ್ಗಿಹೋಗುತ್ತದೆ. ಪೆಟ್ರೋಲ್ ಜೀಪು ಅಷ್ಟು ನೀರಿಗೆ ಇಳಿಯುವ ಮೊದಲೇ ಸ್ಪಾರ್ಕ್ ಸತ್ತು ನಿಂತುಬಿಡುತ್ತದೆ, ಒಂದು ಲೆಕ್ಕಕ್ಕೆ ಬುದ್ಧಿವಂತ.

ಮಳೆಯ ಮಾತು ಬಂತಲ್ಲ, ವೈಪರ್ ಬಗ್ಗೆ ಒಂದು ಮಾತು. ತುಂಬ ಹಳೆಯ ಕೆಲವು ಜೀಪುಗಳಲ್ಲಿ ವೈಪರ್ ನಡೆಯುವುದು ಎಂಜಿನ್ನಿನ ವ್ಯಾಕ್ಯೂಮಿನಿಂದ. ಏರಿನಲ್ಲಿ ಪೂರ್ತಿ ಆಕ್ಸಿಲೇಟರ್ ಕೊಟ್ಟ ಕೂಡಲೇ ವ್ಯಾಕ್ಯೂಮ್ ಹೋಗಿ ವೈಪರ್ ಗಾಜಿನ ಮಧ್ಯೆ ನಿಂತುಬಿಡುತ್ತದೆ. ಯಾವ ಎಂಜಿನ್ ಇಟ್ಟರೂ ಮೊದಲು ಕರೆಂಟಿನ ವೈಪರ್ ಹಾಕಿಸಿ.

ಬೇಸಿಗೆಯಲ್ಲಿ, ಮತ್ತೆ ಈಗಿನ ಪೆಟ್ರೋಲಿನಲ್ಲಿ

ಏಪ್ರಿಲಿನಲ್ಲಿ ಮಾಕುಟ್ಟ ಘಾಟಿ ಹತ್ತುವಾಗ ಮುಂದೆ ಬಸ್ಸು, ಹಿಂದೆ ಲಾರಿ, ಮಧ್ಯೆ ನೀವು ಫಸ್ಟ್ ಗೇರಿನಲ್ಲಿ. ಎಂಜಿನ್ ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಪಂಪಿಗೆ ಎಳೆಯಲು ಏನೂ ಸಿಗುವುದಿಲ್ಲ, ಜೀಪು ಕೆಮ್ಮಿ ನಿಲ್ಲುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕೂತರೆ ಮತ್ತೆ ಹೊರಡುತ್ತದೆ. ಪೈಪನ್ನು ಎಕ್ಸಾಸ್ಟಿನಿಂದ ದೂರ ಹಾಯಿಸಿದರೆ, ಟ್ಯಾಂಕಿನ ಹತ್ತಿರ ಒಂದು ಸಣ್ಣ ಕರೆಂಟ್ ಪಂಪ್ ಹಾಕಿದರೆ ಇದು ಬಹಳ ಮಟ್ಟಿಗೆ ನಿಲ್ಲುತ್ತದೆ.

ಇದಕ್ಕಿಂತ ದೊಡ್ಡ ತಲೆನೋವು ಈಗಿನ ಪೆಟ್ರೋಲು. 20 ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲ್ ಎಲ್ಲ ಬಂಕಿಗೂ ಬಂದಿದೆ. ಹಳೆ ಪಂಪಿನ ಡಯಾಫ್ರಮ್ಮು, ರಬ್ಬರ್ ಪೈಪು ಇದಕ್ಕೆ ಮಾಡಿದ್ದಲ್ಲ, ಮೆತ್ತಗಾಗಿ ಬಿರಿಯುತ್ತವೆ. ಎಥನಾಲ್ ಗಾಳಿಯ ತೇವವನ್ನೂ ಕುಡಿಯುತ್ತದೆ, ನಮ್ಮ ಮಳೆಗಾಲದಲ್ಲಿ ತೇವಕ್ಕೇನು ಬರ. ಮೂರು ತಿಂಗಳು ಓಡಿಸದೆ ಬಿಟ್ಟ ಟ್ಯಾಂಕಿನ ತಳದಲ್ಲಿ ನೀರಿನಂಥದ್ದು ಕೂತು, ಅದು ಕಾರ್ಬುರೇಟರಿಗೆ ಬಂದು ಬಿಳಿ ಪುಡಿ ಕಟ್ಟಿದ್ದನ್ನು ನಾನೇ ಕೆರೆದು ತೆಗೆದಿದ್ದೇನೆ. ಪೆಟ್ರೋಲ್ ಉಳಿಸಿಕೊಳ್ಳುವವರು ಎಥನಾಲ್ ತಡೆಯುವ ಹೊಸ ಪೈಪು, ಡಯಾಫ್ರಮ್ ಹಾಕಿಸಬೇಕು. ಜೂನ್ ಬರುವ ಮೊದಲು ಟ್ಯಾಂಕ್ ಖಾಲಿ ಮಾಡಬೇಕು, ಇಲ್ಲಾ ವಾರಕ್ಕೊಮ್ಮೆಯಾದರೂ ಓಡಿಸಬೇಕು.

ಹಾಗಂತ ಹರಿಕೇನಿನ ಕಂಪ್ರೆಷನ್ ಕಡಿಮೆ, 7ರ ಆಸುಪಾಸು. ಎಂಥ ಪೆಟ್ರೋಲ್ ಹಾಕಿದರೂ ನಾಕಿಂಗ್ ಆಗದೆ ಓಡುತ್ತದೆ. ವಾಲ್ವ್ ಸೆಟ್ಟಿಂಗ್ ಮಾತ್ರ ತಾಳ್ಮೆಯ ಕೆಲಸ. ಇನ್‌ಟೇಕಿನದು ಮೇಲೆ, ಕವರ್ ತೆಗೆದರೆ ಕೈಗೆ ಸಿಗುತ್ತದೆ. ಎಕ್ಸಾಸ್ಟಿನದು ಬ್ಲಾಕಿನ ಪಕ್ಕದಲ್ಲಿ, ಮ್ಯಾನಿಫೋಲ್ಡಿನ ಕೆಳಗೆ ಕೈ ತೂರಿಸಿ ಮಾಡಬೇಕು. ಎಂಜಿನ್ ತಣ್ಣಗಿರುವಾಗ ಸಂದು ಮೇಲಿನದಕ್ಕೆ 18 ಥೌ (ಇಂಚಿನ ಸಾವಿರದಲ್ಲೊಂದು ಪಾಲು ಒಂದು ಥೌ), ಕೆಳಗಿನದಕ್ಕೆ 16 ಥೌ. ಗೋಣಿಕೊಪ್ಪದ ಹತ್ತಿರ ನಮ್ಮ ಮೆಕ್ಯಾನಿಕ್ ಒಬ್ಬರಿದ್ದಾರೆ, ಎಲ್ಲರೂ ಕಾಕ ಅಂತಲೇ ಕರೆಯುವುದು. ಅವರು ಫೀಲರ್ ಗೇಜ್ ತೂರಿಸಿ, ಕಣ್ಣು ಮುಚ್ಚಿಕೊಂಡು ಎಳೆದು ನೋಡುತ್ತಾರೆ. ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಬರಬೇಕಂತೆ. ನನಗೆ ಇಷ್ಟು ವರ್ಷಕ್ಕೂ ಆ ಬೆಣ್ಣೆ ಗೊತ್ತಾಗಿಲ್ಲ.

ಡೀಸೆಲ್ ಕೂರಿಸುವುದು ಅಂದರೆ ಏನೇನು

ಎಂಜಿನ್ ಮಾರುವವರು ಎಂಜಿನ್ನಿನ ರೇಟು ಮಾತ್ರ ಹೇಳುತ್ತಾರೆ. ಉಳಿದದ್ದು ಕೆಲಸ ಶುರುವಾದ ಮೇಲೆ ಒಂದೊಂದಾಗಿ ಬರುತ್ತದೆ. ಎಂಜಿನ್ ಮೌಂಟಿಂಗ್ ಹೊಸದು ವೆಲ್ಡ್ ಮಾಡಬೇಕು. ರೇಡಿಯೇಟರ್ ಸಾಲುವುದಿಲ್ಲ, ದೊಡ್ಡದು ಹಾಕಲು ಮುಂದಿನ ಗ್ರಿಲ್ಲಿನ ಹಿಂದೆ ಜಾಗ ಇರಲ್ಲ. ಡಿಐ ಭಾರದ ಎಂಜಿನ್, ಮುಂದಿನ ಸ್ಪ್ರಿಂಗ್ ಪಟ್ಟಿ ಕೂತುಬಿಡುತ್ತದೆ. ಚಿಕ್ಕಪ್ಪನ ಮಗನ ಜೀಪಿನ ಮುಂದಿನ ಬಂಪರ್ ಎಂಜಿನ್ ಇಳಿಸಿದ ದಿನವೇ ಮೂರು ಬೆರಳು ಕೆಳಗೆ ಬಂತು. ಒಂದು ಪಟ್ಟಿ ಜಾಸ್ತಿ ಸೇರಿಸಿದ ಮೇಲೆ ಎತ್ತರ ಸರಿಹೋಯಿತು, ಆದರೆ ಖಾಲಿ ಗಾಡಿಯಲ್ಲಿ ಕೂತವರ ಸೊಂಟ ಹೋಯಿತು. ಬ್ರೇಕಿಗೆ ಬೂಸ್ಟರ್ ಹಾಕಬೇಕು ಅಂದರೆ ಡೀಸೆಲಿನಲ್ಲಿ ವ್ಯಾಕ್ಯೂಮ್ ತಾನಾಗಿ ಸಿಗುವುದಿಲ್ಲ, ಹಿಂದೆ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರನ್ನೇ ಕೇಳಿ ತೆಗೆದುಕೊಳ್ಳಬೇಕು. ಹಳೆ ಜೀಪಿನ 9 ಇಂಚಿನ ಡ್ರಮ್ಮುಗಳು ಬೂಸ್ಟರ್ ಇಲ್ಲದೆ ಆ ಭಾರವನ್ನು ಸಂಪಾಜೆ ಘಾಟಿಯಲ್ಲಿ ಹಿಡಿದು ನಿಲ್ಲಿಸುತ್ತವೆ ಅಂತ ನಂಬಿಕೊಂಡು ಹೊರಡಬೇಡಿ.

ಎಲ್ಲಕ್ಕಿಂತ ಮುಖ್ಯ ಎಂಜಿನ್ನಿಗೂ ಗೇರ್ ಬಾಕ್ಸಿಗೂ ಮಧ್ಯೆ ಕೂರುವ ಪ್ಲೇಟು. ಚಿಕ್ಕಪ್ಪನ ಮಗ ಮೊದಲು ದುಡ್ಡು ಉಳಿಸಲು ಹಳೇ ಮೂರು ಗೇರಿನ ಬಾಕ್ಸನ್ನೇ ಇಟ್ಟುಕೊಂಡ. ಎರಡನ್ನೂ ಸೇರಿಸಲು ಒಂದು ಲೇತಿನಲ್ಲಿ ದಪ್ಪ ಕಬ್ಬಿಣದ ಪ್ಲೇಟು ಕಡೆಸಿದ. ನೋಡಲು ಚೆಂದವಾಗಿಯೇ ಇತ್ತು. ಎರಡು ತಿಂಗಳಿಗೆ ಗೇರ್ ಬಾಕ್ಸಿನಿಂದ ಜೀರುಂಡೆ ಕೂಗಿದ ಹಾಗೆ ಶಬ್ದ, ಕ್ಲಚ್ ತುಳಿದರೆ ನಿಲ್ಲುತ್ತದೆ, ಬಿಟ್ಟರೆ ಶುರು. ಬಿಚ್ಚಿದಾಗ ಮುಂದಿನ ಬೇರಿಂಗಿನ ಗುಂಡುಗಳು ನೀಲಿ ಬಣ್ಣಕ್ಕೆ ತಿರುಗಿದ್ದವು, ಪಂಜರ ಚೂರಾಗಿ ಆಯಿಲಿನಲ್ಲಿ ಹಿತ್ತಾಳೆಯ ಪುಡಿ ಮಿನುಗುತ್ತಿತ್ತು. ಕಾಕ ಡಯಲ್ ಗೇಜ್ ಇಟ್ಟು ನೋಡಿದರೆ ಪ್ಲೇಟಿನ ನಡುತೂತು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಇತ್ತು. ಅರ್ಧ ಮಿಲಿಮೀಟರ್! ಬರಿಗಣ್ಣಿಗೆ ಕಾಣುವುದೇ ಇಲ್ಲ. ಲೇತಿನವನು "ನೀವು ಕೊಟ್ಟ ಅಳತೆಗೇ ಮಾಡಿದ್ದು" ಅಂದ, ಅಲ್ಲಿಗೆ ಮಾತು ಮುಗಿಯಿತು.

ಅದಕ್ಕೇ ನಾನು ಹೇಳುವುದು, ಡೀಸೆಲ್ ಹಾಕುವುದೇ ಆದರೆ ಎಂಜಿನ್, ಕ್ಲಚ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎಲ್ಲ ಒಂದೇ ಗಾಡಿಯಿಂದ ಬಂದ ಸೆಟ್ ತೆಗೆದುಕೊಳ್ಳಿ. ಆಗ ಲೇತಿನ ಕೆಲಸ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಸರಿಮಾಡುವುದಕ್ಕೆ ಮುಗಿಯುತ್ತದೆ. ಬೊಲೆರೊಗಳಲ್ಲಿ ಬಹಳಷ್ಟು ಹಿಂದಿನ ಚಕ್ರಕ್ಕೆ ಮಾತ್ರ ಎಳೆತ ಇರುವಂಥವು, ಅವುಗಳಲ್ಲಿ ಟ್ರಾನ್ಸ್‌ಫರ್ ಕೇಸೇ ಇರುವುದಿಲ್ಲ, ಕೇಳಿ ನೋಡಿ ತೆಗೆದುಕೊಳ್ಳಿ. ಪ್ಯೂಜೋ ಹಾಕುವವರಿಗೆ ಈ ಗೋಳು ಕಡಿಮೆ. ಎಂಎಂ 540 ಅನ್ನುವುದೇ ಜೀಪು, ಅದರ ಸಾಮಾನು ನಮ್ಮ ಚಾಸಿಗೆ ಹತ್ತಿರದ ನೆಂಟ. ಆದರೆ ಎಳೆತದ ಲೆಕ್ಕ ಮೇಲೆ ಹೇಳಿದೆನಲ್ಲ. ಮೈಲೇಜ್ ಸಿಗುತ್ತದೆ, ಮಳೆಯಲ್ಲಿ ನಿಲ್ಲುವುದಿಲ್ಲ, ಅಷ್ಟಕ್ಕೆ ತೃಪ್ತಿಪಡಬೇಕು. ಬಿಸಿ ಮೀರಲು ಬಿಡಬೇಡಿ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಡಿಐಯ ನಡುಕದ ಬಗ್ಗೆಯೂ ಹೇಳಬೇಕು. ಐಡ್ಲಿಂಗಿನಲ್ಲಿ ಪಕ್ಕದ ಕನ್ನಡಿಯಲ್ಲಿ ಹಿಂದಿನ ಗಾಡಿ ಒಂದಿದ್ದರೆ ಮೂರು ಕಾಣುತ್ತದೆ. ಬೆಳಕು ಹರಿಯುವ ಮೊದಲೇ ಎದ್ದು, ಹುಡ್ ಮಡಚಿ, ಮಂಜಿನಲ್ಲಿ ಭಾಗಮಂಡಲದ ಕಡೆ ಸುಮ್ನೆ ಒಂದು ಸುತ್ತು ಹೋಗುವ ಸುಖ ಬೇಕು ಅನ್ನುವವರಿಗೆ ಹರಿಕೇನಿನ ಮೆತ್ತಗಿನ ಶಬ್ದವೇ ಸರಿ. ಡಿಐನಲ್ಲಿ ಹೋದರೆ ಪಕ್ಕದಲ್ಲಿ ಕೂತವರ ಜೊತೆ ಕೂಗಿ ಮಾತಾಡಬೇಕು.

ದುಡ್ಡು

ನನ್ನ ಪೆಟ್ರೋಲ್ ಜೀಪು ಲೀಟರಿಗೆ ಏಳೂವರೆ ಕೊಡುತ್ತದೆ, ಅವನ ಡಿಐ 12. ವರ್ಷಕ್ಕೆ 3000 ಕಿಲೋಮೀಟರ್ ಓಡಿಸಿದರೆ ನನಗೆ 400 ಲೀಟರ್ ಪೆಟ್ರೋಲ್, ಅವನಿಗೆ 250 ಲೀಟರ್ ಡೀಸೆಲ್. ಲೀಟರಿನ ಮೇಲೆ ಹನ್ನೊಂದು ಹನ್ನೆರಡು ರೂಪಾಯಿ ವ್ಯತ್ಯಾಸವನ್ನೂ ಸೇರಿಸಿದರೆ ವರ್ಷಕ್ಕೆ ಉಳಿಯುವುದು 18 ಸಾವಿರದ ಆಸುಪಾಸು. ಅವನಿಗೆ ಎಲ್ಲ ಸೇರಿ, ಮೊದಲ ಗೇರ್ ಬಾಕ್ಸಿನ ದಂಡವೂ ಸೇರಿ, ಎರಡು ಲಕ್ಷ ದಾಟಿತು. ನನ್ನ ಎಂಜಿನ್ ಬೋರಿಂಗ್, ಪಿಸ್ಟನ್, ಬೇರಿಂಗ್, ಕಾರ್ಬುರೇಟರ್ ಸೇರಿ ಅದರ ಅರ್ಧವೂ ಆಗಲಿಲ್ಲ. ದಿನಾ ತೋಟಕ್ಕೆ ಓಡುವ ಜೀಪಾದರೆ ಡೀಸೆಲ್ ಬೇಗ ದುಡ್ಡು ತೀರಿಸುತ್ತದೆ. ಭಾನುವಾರ ಮಾತ್ರ ಹೊರಗೆ ಬರುವುದಾದರೆ ತೀರಿಸುವುದೇ ಇಲ್ಲ. ಡೀಸೆಲಿನಲ್ಲಿ ಪಂಪ್ ಹಾಳಾದರೆ ಇಲ್ಲಿ ಕೆಲಸ ಆಗಲ್ಲ, ಕ್ಯಾಲಿಬ್ರೇಷನ್‌ಗೆ ನಾವು ಮೈಸೂರಿಗೆ ಕಳಿಸುತ್ತೇವೆ. ಪೆಟ್ರೋಲಿನ ಸಾಮಾನು ಹುಡುಕುವುದೂ ಈಗ ಸುಲಭ ಅಲ್ಲ, ಅದೂ ನಿಜ.

ಕಾಗದಪತ್ರ

ಇದನ್ನು ಎಲ್ಲರೂ ಕೊನೆಗೆ ಯೋಚನೆ ಮಾಡುತ್ತಾರೆ, ಮೊದಲು ಮಾಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಯಲ್ಲಿ ಇರುವುದಕ್ಕೂ ವ್ಯತ್ಯಾಸ ಬರುವಂಥ ಬದಲಾವಣೆ ಮಾಡುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನು ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಹೀಗೆ ಬದಲಾಯಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು ಅಂತ ಸೇರಿಸಿದರು. ಹಾಗಾಗಿ ಎಂಜಿನ್ ತರುವ ಮೊದಲೇ ಮಡಿಕೇರಿಯ ಆರ್‌ಟಿಒ ಕಚೇರಿಗೆ ಹೋಗಿ, ನಿಮ್ಮ ಜೀಪಿನ ಆರ್‌ಸಿ ತೋರಿಸಿ, ಈ ಎಂಜಿನ್ನಿಗೆ ಅನುಮತಿ ಸಿಗುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ. "ಮೊದಲು ಕೂರಿಸಿಬಿಡಿ, ಆಮೇಲೆ ನೋಡಿಕೊಳ್ಳೋಣ" ಅನ್ನುವವರು ಅಪಘಾತ ಆದ ದಿನ ಇನ್ಶೂರೆನ್ಸಿನವರ ಮುಂದೆ ಬಂದು ನಿಲ್ಲುವುದಿಲ್ಲ. ಅಲ್ಲಿ ಮೊದಲು ನೋಡುವುದೇ ಎಂಜಿನ್ ನಂಬರ್.

ಹಿಂದೆ ಯಾರೋ ಡೀಸೆಲ್ ಹಾಕಿ ಆರ್‌ಸಿಯಲ್ಲೂ ಡೀಸೆಲ್ ಅಂತ ಮಾಡಿಸಿಟ್ಟ ಜೀಪುಗಳು ಬಹಳ ಇವೆ. ಅಂಥದ್ದು ಸಿಕ್ಕರೆ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ.

ಇನ್ನೊಂದು ದಾರಿ ಇದೆ, ಇದು ಪೆಟ್ರೋಲ್ ಉಳಿಸಿಕೊಂಡವರಿಗೆ ಮಾತ್ರ. 2021ರಲ್ಲಿ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ಬಂತು. ಗಾಡಿಗೆ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲದ ಹಾಗೇ ಇರಬೇಕು. ಆಗ ವಿಎ ಅಕ್ಷರ ಇರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20 ಸಾವಿರ ರೂಪಾಯಿ, 10 ವರ್ಷ ನಡೆಯುತ್ತದೆ. ಆದರೆ ಆ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ ರಸ್ತೆಗೆ ತರಬಹುದು. ಗೋಣಿಕೊಪ್ಪದ ಸಂತೆಗೆ ತರುವ ಹಾಗಿಲ್ಲ. ದಿನಬಳಕೆಯವರು ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ರಿನ್ಯೂ ಮಾಡಿಸಿಕೊಂಡು ಹೋಗಬೇಕು. ಒಮ್ಮೆ ಡೀಸೆಲ್ ಹಾಕಿದರೆ ಈ ವಿಂಟೇಜ್ ಬಾಗಿಲು ಮುಚ್ಚಿತು. ಹಾಗಾಗಿ ಯಾವ ಎಂಜಿನ್ ಹಾಕಿದರೂ ಹಳೆಯದನ್ನು ಗುಜರಿಗೆ ಕೊಡಬೇಡಿ, ಆಯಿಲ್ ಬಳಿದು ಗೋಣಿಯಲ್ಲಿ ಸುತ್ತಿ ಅಟ್ಟದ ಕೆಳಗೆ ಇಡಿ.

ಹಾಗಾದರೆ ಯಾವುದು

ಜೀಪು ಮನೆಯ ಹಿರಿಯರದ್ದು, ವಾರಕ್ಕೊಮ್ಮೆ ಹೊರಗೆ ಬರುತ್ತದೆ, ಮಳೆಗಾಲದಲ್ಲಿ ಬೇರೆ ಗಾಡಿ ಇದೆ ಅನ್ನುವವರು ಹರಿಕೇನನ್ನೇ ಮಾಡಿಸಿ. ತೋಟದ ಕೆಲಸಕ್ಕೆ, ವರ್ಷವಿಡೀ, ಮೂಟೆ, ಟ್ರೈಲರ್ ಅಂತ ಬೇಕಾದವರಿಗೆ ಡಿಐ ಸರಿ, ಆದರೆ ಪೆಟ್ರೋಲ್ ಜೀಪನ್ನು ಕಡಿದು ಡಿಐ ಮಾಡುವ ಬದಲು ಡೀಸೆಲ್ಲಾಗಿಯೇ ಹುಟ್ಟಿದ ಹಳೆ ಜೀಪು ಕೊಳ್ಳಿ, ಕಡಿಮೆಗೆ ಬರುತ್ತದೆ. ಪೆಟ್ರೋಲ್ ಜೀಪಿನ ಹರಿಕೇನ್ ಪೂರ್ತಿ ಹೋಗಿದೆ, ಬ್ಲಾಕೇ ಸೀಳಿದೆ, ಬೇರೆ ಸಿಗಲ್ಲ ಅನ್ನುವ ಹೊತ್ತಿಗೆ ಮಾತ್ರ ನಾನು ಪ್ಯೂಜೋ ಕಡೆ ನೋಡುತ್ತೇನೆ.

ಹಳೆ ಡೀಸೆಲ್ ಎಂಜಿನ್ ಕೊಳ್ಳಲು ಹೋದರೆ ಮೊದಲೇ ಬಿಸಿ ಮಾಡಿ ಇಟ್ಟಿದ್ದಾರಾ ಅಂತ ಬ್ಲಾಕ್ ಮುಟ್ಟಿ ನೋಡಿ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಆ ತೂತಿನ ಮೇಲೇ ಸುಮ್ನೆ ಇಡಿ. ಕುಣಿದು ಹಾರಿಬಿದ್ದರೆ ರಿಂಗ್ ಹೋಗಿದೆ, ಸ್ವಲ್ಪ ನಡುಗಿ ಅಲ್ಲೇ ಕೂತರೆ ಪರವಾಗಿಲ್ಲ.

ಭಾವ ಇದನ್ನೆಲ್ಲ ಕೇಳಿ "ಹೂಂ, ಹೂಂ" ಅಂದರು. ಮುಚ್ಚಳದ ಪರೀಕ್ಷೆಯನ್ನು ಮಾತ್ರ ಮರುದಿನವೇ ಹೋಗಿ ಮಾಡಿದರಂತೆ. ಮುಚ್ಚಳ ಹಾರಿ ಮಾರುವವನ ಚಪ್ಪಲಿಯ ಮೇಲೆ ಬಿತ್ತು. ಈಗ ಅವರ ಹರಿಕೇನ್ ಕಾಕನ ಶೆಡ್ಡಿನಲ್ಲಿ ಬಿಚ್ಚಿಕೊಂಡು ಕೂತಿದೆ. ಜಾಮ್ ಆಗಿದ್ದ ಪಿಸ್ಟನ್‌ಗಳಿಗೆ ಡೀಸೆಲ್ಲೂ ಗೇರ್ ಆಯಿಲೂ ಬೆರೆಸಿ ಸುರಿದು ಒಂದು ವಾರ ಬಿಟ್ಟರು. ಮೂರು ಬಿಟ್ಟುಕೊಂಡವು. ನಾಲ್ಕನೆಯದರ ಮೇಲೆ ಮರದ ತುಂಡು ಇಟ್ಟು ಕಾಕ ದಿನಕ್ಕೆರಡು ಸಲ ಮೆಲ್ಲಗೆ ತಟ್ಟುತ್ತಿದ್ದಾರೆ.